ಅಡುಗೆ ಕಟ್ಟೆಯ ಎತ್ತರ

ಜಾಲಹಳ್ಳಿ
11 ಆಗಸ್ಟ್ 2024

ಪ್ರೀತಿಯ ಆಶಾ,

ನೀನೂ ನಿಮ್ಮ ಯಜಮಾನರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರಿಸಬೇಡ. ಬೆಟರ್ ಲೇಟ್ ದ್ಯಾನ್ ಲೇಟರ್ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಅಥವಾ ಅದರ ಹತ್ತಿರದ್ದೇನೋ. ಮಂಡಿ ನೋವಿದೆ. ಊಟ ನಿದ್ದೆಗೆ ತೊಂದರೆಯಿಲ್ಲ.

ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸ್ ಕೆಡವುತ್ತಿರುವುದು ನಿನಗೆ ಗೊತ್ತು. ನಿವೃತ್ತರು, ನಿವೃತ್ತರ ಮಕ್ಕಳು ಸೇರಿ ಒಂದು ಇತಿಹಾಸ ಬಳಗ ಮಾಡಿಕೊಂಡಿದ್ದೇವೆ. ಒಂದು ಮನೆಯನ್ನಾದರೂ ಉಳಿಸಿ, ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೆಯೇ ಜನಕ್ಕೆ ತೋರಿಸುವುದು ನಮ್ಮ ಏಮ್ ಅಂಡ್ ಆಬ್ಜೆಕ್ಟ್. ಗೋಡೆ ಗಟ್ಟಿಯಿರುವ ಮನೆ ಹುಡುಕುತ್ತ ಹೋದರೆ ಸಿಕ್ಕಿದ್ದು ನಾನೂ ನಿನ್ನಕ್ಕ ಧನಲಕ್ಷ್ಮಿಯೂ ಇದ್ದ ಮನೆಯೇ. ನನಗೂ ಸಂತೋಷವಾಯಿತು.

ಅಲ್ಲಿಯ ಅಡುಗೆ ಕಟ್ಟೆ ತಗ್ಗಾಗಿತ್ತು, ನೆನಪಿದೆಯಲ್ಲ. ಮೊದಲು ಕಂಪನಿ ಕಟ್ಟಿಸಿದ್ದು ಅವಳಿಗೆ ಎತ್ತರವಾಗುತ್ತಿತ್ತು. ಮುದ್ದೆ ತಿರುವಲು ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು. ಒಮ್ಮೆ ಮಣೆ ಜಾರಿ ಕೈ ಸುಟ್ಟುಕೊಂಡಳು. ಆಮೇಲೆ ಅವಳನ್ನು ನಿಲ್ಲಿಸಿ, ಮೊಣಕೈಗೆ ಸರಿಯಾಗಿ ಗುರುತು ಮಾಡಿ, ಗಾರೆಯವನಿಂದ ಕಟ್ಟೆ ತಗ್ಗಿಸಿದೆ.

ಹೋದ ತಿಂಗಳ ಸಭೆಯಲ್ಲಿ ನಮ್ಮ ಕಾರ್ಯದರ್ಶಿ ವಿನಾಯಕ್ ಹಳೆಯ ನಕ್ಷೆ ಹರಡಿದ. “ಸಾರ್, ಪ್ಲಾನಲ್ಲಿ ಕಟ್ಟೆ ಇಷ್ಟು ತಗ್ಗಿಲ್ಲ. ಆಮೇಲೆ ಯಾರೋ ಒಡೆದು ಕಟ್ಕೊಂಡಿದಾರೆ.”

“ಯಾರೋ ಅಲ್ಲಪ್ಪ, ನಾನೇ.”

“ಹಾಗಾದ್ರೆ ನಿಮಗೊಂದು ಮೆಮೊ ಕೊಡ್ಬೇಕು ಬಿಡಿ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ, ಅದು ಹಾಗೇ ಇರಲಿ ಎಂದೆ.

ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಮರಿಯಮ್ಮ ನನ್ನ ಪರ ನಿಂತರು. “ಆಯಮ್ಮ ನಿಂತು ಬೇಯ್ಸಿದ್ ಜಾಗ ಕಣೋ. ನಕ್ಷೆ ಬರೆದೋನು ಯಾವತ್ತಾದ್ರೂ ಮುದ್ದೆ ತಿರುವಿದ್ನಾ?”

“ಆಂಟಿ, ಇದು ರಾಜೇಂದ್ರ ಸಾರ್ ಮನೆ ಅಂತ ತೋರಿಸ್ತಿಲ್ಲ. ಎಲ್ರ ಮನೆನೂ ಹಿಂಗೇ ಇತ್ತು ಅಂತ ತೋರಿಸ್ಬೇಕು.”

ಅವನ ಮಾತಿನಲ್ಲಿ ತಪ್ಪಿಲ್ಲ. ಬಳಗದ ನಿಯಮವೇ ಅದು, ನಾನೂ ಒಪ್ಪಿದ್ದೆ. ಕಟ್ಟೆಯನ್ನು ನಕ್ಷೆಯಂತೆ ಮತ್ತೆ ಎತ್ತರಿಸಲು ಒಪ್ಪುವವರ ಕೈ ಎತ್ತಿಸಿದರು. ಮರಿಯಮ್ಮನೂ ನಾನೂ ಬಿಟ್ಟು ಉಳಿದವರೆಲ್ಲ ಎತ್ತಿದರು.

ಮೊನ್ನೆ ಸಿದ್ರಾಮ ಎಂಬ ಬಾಗಲಕೋಟೆ ಕಡೆಯ ಗಾರೆಯವನು ಬಂದ. “ಒಡೀಲೇನ್ರಿ ಸಾಹೇಬ್ರ?” ಎಂದು ನನ್ನನ್ನೇ ಕೇಳಿದ. ಒಡಿ ಎಂದೆ. ಮಧ್ಯಾಹ್ನದೊಳಗೆ ಮುಗಿಯಿತು. ಹೊಸ ಕಟ್ಟೆ ಚೆನ್ನಾಗಿದೆ, ನಕ್ಷೆಯಲ್ಲಿರುವ ಹಾಗೆಯೇ. ಉದ್ಘಾಟನೆಗೆ ನೀವಿಬ್ಬರೂ ಬರಬೇಕು.

ನಿನ್ನ ಮನೆ ತುಂಬಿರಲಿ, ಒಲೆ ತಣ್ಣಗಾಗದಿರಲಿ.

ಇತಿ ನಿನ್ನ ಭಾವ,
ರಾಜೇಂದ್ರ

ತಾ.ಕ.: ಕಟ್ಟೆ ಹಿಂದೆ ತಗ್ಗಿತ್ತೆಂದು ಗೋಡೆಗೊಂದು ಸಣ್ಣ ಫಲಕ ಹಾಕಲು ವಿನಾಯಕ್ ಒಪ್ಪಿದ್ದಾನೆ. “ಮೇಡಂ ಎಷ್ಟು ಎತ್ತರ ಇದ್ರು ಸಾರ್?” ಎಂದು ಕೇಳಿದ. ಇಷ್ಟು ಎಂದು ಕೈ ಹಿಡಿದು ತೋರಿಸಿದೆ. ಭುಜದ ಹತ್ತಿರ ಹಿಡಿದೆ, ಅಲ್ಲವೆನಿಸಿತು. ಸ್ವಲ್ಪ ಇಳಿಸಿದೆ, ಅದೂ ಅಲ್ಲ. ಅವನು ಪೆನ್ನು ಹಿಡಿದು ಕಾಯುತ್ತಿದ್ದ. ನಾಳೆ ಹೇಳ್ತೀನಿ ಎಂದು ಬಂದುಬಿಟ್ಟೆ. ನಿನ್ನ ಪಕ್ಕ ನಿಂತರೆ ಅವಳು ನಿನಗೆ ಎಲ್ಲಿಯವರೆಗೆ ಬರುತ್ತಿದ್ದಳು, ಆಶಾ? ಗೊತ್ತಿದ್ದರೆ ಬರೆ.