ಸರೋಜ ಕಂಪನಿಯ ಮಿಷನ್ನು

ಸರೋಜತ್ತೆ,

ಹುಳುಮನೆ ಖಾಲಿಯಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಆಮೇಲೆ ಬಾಯಿ ಬರುವುದಿಲ್ಲ. ಮುಂದಿನ ವಾರ ರೇಷ್ಮೆಹುಳು ತರಬೇಕು, ಜಾಗ ಬೇಕು ಎಂದು ಅಪ್ಪ ಹೇಳುತ್ತಲೇ ಇದ್ದರು. ನೀನು ಊರೂರು ಅಲೆದು ತಂದು ನಿಲ್ಲಿಸಿದ್ದ ಹಳೇ ವಾಷಿಂಗ್ ಮಿಷನ್ನುಗಳನ್ನೆಲ್ಲ ನಿನ್ನೆ ಗುಜರಿಯವನು ಹೇರಿಕೊಂಡು ಹೋದ. ನಾನು ಬಾಗಿಲ ಹತ್ತಿರ ನಿಂತಿದ್ದೆ. ತಡೆಯಬೇಕು ಅನ್ನಿಸಲಿಲ್ಲ. ಸುಸ್ತಾಗಿದೆ ಅತ್ತೆ. ನಿನಗೂ ಹೀಗೇ ಆಗುತ್ತಿತ್ತೇ? ಹೇಳಿಕೊಳ್ಳುತ್ತಿರಲಿಲ್ಲವೇ?

ಅವರೆಕಾಯಿ ಬಿಡಿಸುತ್ತಾ ನೀನು ಆ ಕಥೆ ಹೇಳಿದ ಮಧ್ಯಾಹ್ನ ನೆನಪಾಗುತ್ತಿದೆ. ನಿನ್ನ ಮದುವೆಗೆ ತಾತ ಕೋಲಾರದಿಂದ ಮಿಷನ್ನು ತಂದರು. ನಮ್ಮ ಸುಗಟೂರಿನಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಮಗಳಿಗೆ ಕೊಡುವ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸುವಾಗ, ತಾತ ಗಾಡಿಯಲ್ಲಿದ್ದ ಮಿಷನ್ನನ್ನೂ ಪಾತ್ರೆ ಅಂಗಡಿಯೊಳಕ್ಕೆ ಹೊರಿಸಿಕೊಂಡು ಹೋಗಿ, ಇದರ ಮೇಲೂ ಹಾಕು ಎಂದರಂತೆ. ಅಂಗಡಿಯವನು ನಕ್ಕು, ಅದರ ಬಿಳೀ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಸರೋಜ’ ಎಂದು ಕೊರೆದುಕೊಟ್ಟನಂತೆ. ಶ್ರೀನಿವಾಸಪುರದ ನಿನ್ನ ಗಂಡನ ಮನೆಯಲ್ಲಿ ಅದನ್ನು ಒಂದು ದಿನವೂ ಬಳಸಲಿಲ್ಲ. ನಾದಿನಿಯ ಮದುವೆ ಬಂತು, ಮಿಷನ್ನು ಅವಳ ಜೊತೆ ಮುಳಬಾಗಿಲಿಗೆ ಹೋಯಿತು. ಹೆಸರಿರುವ ಕಡೆಯನ್ನು ಗೋಡೆಗೆ ತಿರುಗಿಸಿಟ್ಟರಾಯಿತು ಎಂದರಂತೆ ನಿಮ್ಮ ಅತ್ತೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ಆ ತುಂಬಿದ ಮನೆಯ ಬಟ್ಟೆಯನ್ನೆಲ್ಲ ನೀನೇ ಕೆರೆಗೆ ಹೊತ್ತೆ. ಮಾವ ತೀರಿಕೊಂಡು ನೀನು ನಮ್ಮ ಮನೆಗೆ ವಾಪಸಾದಾಗ ನಾನು ಚಿಕ್ಕವಳು. ಗೋರಂಟಿ ಹಚ್ಚುತ್ತೇನೆ ಕೈ ಕೊಡು ಎಂದು ನಾನು ಕೇಳಿದರೆ ನೀನು ಬೆರಳು ಮಡಚಿಕೊಳ್ಳುತ್ತಿದ್ದೆ. ಸೋಡಾಪುಡಿಗೆ ಬಿರಿದ ಕೈ ತೋರಿಸಲು ನಾಚಿಕೆಯೇ, ಅಥವಾ…

ನಾನು ಎಂ.ಎ. ಮುಗಿಸಿ ಮನೆಯಲ್ಲಿ ಕೂತಾಗ, ಮೂಲೆಯಲ್ಲಿ ಕೂತು ಏನು ಓದ್ತೀಯೇ, ಬಾ ನನ್ನ ಜೊತೆ ಮಿಷನ್ನು ಹುಡುಕೋಕೆ, ಎಂದು ಎಬ್ಬಿಸಿಕೊಂಡು ಹೋದೆಯಲ್ಲ. ನಾದಿನಿ ಯಾವಾಗಲೋ ಮಿಷನ್ನನ್ನು ಯಾರಿಗೋ ಕೊಟ್ಟು ಮರೆತಿದ್ದಳು. ಯಾರಿಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಪಕ್ಕದ ಮನೆಯ ಮುನಿರಾಜಣ್ಣ ಮಂಡಿಗೆ ಟೊಮ್ಯಾಟೋ ಹಾಕಿ ಖಾಲಿ ಟೆಂಪೋದಲ್ಲಿ ಬರುವಾಗ ನಾವಿಬ್ಬರೂ ಹತ್ತಿಕೊಳ್ಳುತ್ತಿದ್ದೆವು. ಮಾತೆಲ್ಲ ನಿನ್ನದು. ನಾನು ಬಾಗಿಲಲ್ಲೇ ನಿಂತು ನೋಡುವವಳು. ಒಂದು ಮನೆಯಲ್ಲಿ ಮಿಷನ್ನಿನೊಳಗೆ ಕೋಳಿ ಕಾವು ಕೂತಿತ್ತು. ಇನ್ನೊಂದರಲ್ಲಿ ರಾಗಿಹಿಟ್ಟು ತುಂಬಿಟ್ಟಿದ್ದರು. ಮಾಲೂರಿನ ಅಜ್ಜಿಯೊಬ್ಬರನ್ನು ಹಳೇ ಬಟ್ಟೆ ಮಿಷನ್ನು ಇದೆಯಾ ಎಂದು ಕೇಳಿದ್ದಕ್ಕೆ ಅವರು ಹೊಲಿಗೆ ಮಿಷನ್ನು ತೋರಿಸಿ, ನಿನ್ನ ರವಿಕೆಯ ಅಳತೆಗೂ ಕೈ ಹಾಕಿದರು. ಪ್ರತಿ ಸಲವೂ ನೀನು ಮಿಷನ್ನಿನ ನಾಲ್ಕೂ ಕಡೆ ಸೆರಗಿನಿಂದ ಒರೆಸುತ್ತಿದ್ದೆ. ಇದಲ್ಲ, ಎನ್ನುತ್ತಿದ್ದೆ. ಆದರೂ ಅದನ್ನು ಕೇಳಿ ಪಡೆದು ಟೆಂಪೋಗೆ ಹಾಕಿಸುತ್ತಿದ್ದೆ.

“ಅಕ್ಕಾ, ಅಂಗಡಿ ಇಡ್ತೀಯೇನು?” ಎಂದು ಅಪ್ಪ ಕಾಲೆಳೆದಾಗ ನೀನು ತಲೆ ಎತ್ತದೆ ಹೇಳಿದ್ದು ಇಷ್ಟೇ: “ಇವೂ ಯಾರ್ದೋ ಮದುವೇಗೆ ಬಂದಿದ್ದೇ ಕಣೋ.”

ಆಸ್ಪತ್ರೆಯಲ್ಲಿ ನೀನು ನನ್ನ ಮಣಿಕಟ್ಟು ಹಿಡಿದು, “ಅದೇನಾದ್ರೂ ಸಿಕ್ಕಿದ್ರೆ ಕಣೇ…” ಎಂದೆ. ಅಷ್ಟರಲ್ಲಿ ನರ್ಸ್ ಬಂದರು, ನನ್ನನ್ನು ಹೊರಗೆ ಕಳಿಸಿದರು. ಸಿಕ್ಕಿದರೆ ಏನು ಮಾಡಬೇಕಿತ್ತು ಅತ್ತೆ? ಮನೆಗೆ ತರಬೇಕಿತ್ತೇ? ಒಂದು ಸಲ ಅದರಲ್ಲಿ ನಿನ್ನ ಸೀರೆ ಒಗೆಯಬೇಕಿತ್ತೇ? ಆ ಮಾತನ್ನು ನಾನು ಎಷ್ಟು ರೀತಿ ಮುಗಿಸಿ ನೋಡಿದ್ದೇನೆ ಗೊತ್ತೇ?

ಹೋದ ವಾರ ಮುನಿರಾಜಣ್ಣ ಬೇಲಿಯ ಆಚೆಯಿಂದಲೇ ಕೂಗಿ, “ದೇವರಾಯಸಮುದ್ರದಾಗೆ ನಿಮ್ಮತ್ತೆ ಹೆಸರಲ್ಲಿ ಒಂದು ಮಿಷನ್ ಐತಂತೆ,” ಎಂದ. ನಾನು ಒಳಗೆ ಓಡಿದೆ. ಖುಷಿಗಲ್ಲ. ಈಗ ನಾನೊಬ್ಬಳೇ ಹೋಗಿ ಅಪರಿಚಿತರ ಮನೆಯಲ್ಲಿ ಬಾಯಿ ಬಿಡಬೇಕಲ್ಲ, ಅದಕ್ಕೆ. ಆದರೂ ಮಾರನೇ ದಿನವೇ ಟೆಂಪೋ ಹತ್ತಿದೆ.

ಆ ಮನೆಯ ನಾರಾಯಣಮ್ಮ ಹಿತ್ತಲಲ್ಲಿದ್ದರು. “ರಾಮ್ಮಾ, ಕೂರ್ಚೋ,” ಎಂದು ತೆಲುಗಿನಲ್ಲಿ ಕರೆದು ಕೂರಲು ಹೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು. “ಒಂದ್ನಿಮಿಷ ತಡಿ. ಸರೋಜ ತಿರುಗ್ತಾವ್ಳೆ, ಈ ಸದ್ದಲ್ಲಿ ಏನೂ ಕೇಳ್ಸಲ್ಲ.”

ಅದೇ ಮಿಷನ್ನು. ಕೊರೆದ ಕಡೆ ಬಣ್ಣ ಎದ್ದು, ತುಕ್ಕು ಹಿಡಿದು, ನಿನ್ನ ಹೆಸರು ದೂರಕ್ಕೇ ಕಾಣುತ್ತಿತ್ತು. ಅವರಿಗೆ ಅದು ಕಂಪನಿಯ ಹೆಸರು. ಅವರ ಮಗ ಮುಳಬಾಗಿಲಿನ ಅಂಗಡಿಯಲ್ಲಿ ಸರೋಜ ಕಂಪನಿಯ ಬೆಲ್ಟ್ ಕೊಡಿ ಎಂದು ಜಗಳವನ್ನೇ ಮಾಡಿದ್ದನಂತೆ. “ಹೋದ್ ತಿಂಗ್ಳು ಸರೋಜ ಸತ್ತೇ ಹೋದ್ಳು ಅಂದ್ಕೊಂಡ್ವಿ,” ಎಂದು ನಾರಾಯಣಮ್ಮ ನಕ್ಕರು. “ಬೇರೆ ಯಾವ್ದೋ ಬೆಲ್ಟ್ ಹಾಕಿದ್ಮೇಲೆ ಎದ್ದವ್ಳೆ.”

ಹೋದ ತಿಂಗಳೇ ಅಲ್ಲವೇ ನಿನ್ನನ್ನು ನಾವು… ನನಗೆ ನಗುವುದೋ ಏನು ಮಾಡುವುದೋ ತಿಳಿಯಲಿಲ್ಲ. ತಡವರಿಸುತ್ತಾ ಎಲ್ಲ ಹೇಳಿದೆ. ತಾತ, ಪಾತ್ರೆ ಅಂಗಡಿ, ನಾದಿನಿ, ನೀನು. ಒಂದೇ ಸಲಕ್ಕೆ ಇಷ್ಟು ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ.

ಅವರು ತುಕ್ಕು ಹಿಡಿದ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಮನುಷ್ಯರ ಹೆಸರಾ ಇದು,” ಎಂದರು. ಮಿಷನ್ನು ನಿಲ್ಲಿಸಿ, “ನಿಮ್ದು ಅಂದ್ಮೇಲೆ ತೊಗೊಂಡೋಗಮ್ಮ. ಈ ಮನೇಗೆ ಬಂದ ಸೊಸೇರು ಒಬ್ರೂ ಕೆರೇಗೆ ಬಟ್ಟೆ ಹೊತ್ತಿಲ್ಲ, ಅಷ್ಟು ದುಡಿದವ್ಳೆ,” ಎಂದರು. ಕಿರಿಯ ಸೊಸೆ, ಇನ್ನೂ ಹೊಸಬಳು, ನೆನೆಹಾಕಿದ್ದ ಬಕೆಟ್ಟಿನ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ನಿನ್ನನ್ನು ಯಾರೂ ಕೇಳದೆ ಒಯ್ದಿದ್ದನ್ನು ಅವಳನ್ನು ಕೇಳದೆ ನಾನು ಹೇಗೆ ಒಯ್ಯಲಿ?

ಕೇಳಿದೆ ಅತ್ತೆ. ಅವಳನ್ನೇ ಕೇಳಿದೆ. ಅವಳು ತನ್ನ ಅತ್ತೆಯ ಮುಖ ನೋಡಿ, ನೆಲ ನೋಡಿ, “ಇಲ್ಲೇ ಇರ್ಲಿ ಅಕ್ಕ,” ಎಂದಳು.

ಖಾಲಿ ಟೆಂಪೋದಲ್ಲಿ ವಾಪಸು ಬಂದೆ. ಹಗ್ಗ ಬೇರೆ ತರಿಸಿದೆಯಲ್ಲಮ್ಮ, ಇದಕ್ಕಾ, ಎಂದು ಮುನಿರಾಜಣ್ಣ ದಾರಿಯುದ್ದಕ್ಕೂ ಗೊಣಗಿದ. ಮನೆಗೆ ಬಂದು ಅಪ್ಪನಿಗೆ, ಹುಳುಮನೆ ಖಾಲಿ ಮಾಡಿಸಿ, ಎಂದೆ. ಇನ್ನು ಹುಡುಕುವುದು ಏನೂ ಉಳಿದಿರಲಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ, ನಿನಗೇ ಗೊತ್ತು. ಸರೋಜ ಇನ್ನು ಏಳುವುದೇ ಇಲ್ಲ ಎಂದಾದ ದಿನ ಫೋನ್ ಮಾಡುತ್ತೇನೆ ಎಂದು ಆ ಹುಡುಗಿ ನನ್ನ ನಂಬರ್ ಬರೆದುಕೊಂಡಿದ್ದಾಳೆ. ಅವತ್ತು ಯಾವ ಕೆಲಸವಿದ್ದರೂ ಬಿಟ್ಟು ಹೋಗಿ, ಮನೆಗೆ ಕರೆದುಕೊಂಡು ಬರುತ್ತೇನೆ. ಆ ಫೋನ್ ಸದ್ಯಕ್ಕೆ ಬಾರದಿರಲಿ.

ನಿನ್ನ
ಸುಮ