ಉಜ್ಜಿದ ಕಠಾರಿ

ಗೋಸ್ಲಾರ್
೩ ನವೆಂಬರ್ ೧೯೯೬

ಪ್ರೀತಿಯ ತಂಗಿ ರೋಸ್ವಿತಾ,

ನಿನ್ನ ಈಸ್ಟರ್ ಕಾಗದಕ್ಕೆ ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ. ನಾನೂ ನಿನ್ನ ಅತ್ತಿಗೆ ಇಲ್ಸೆಯೂ ಕ್ಷೇಮ. ಅವಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನಷ್ಟು ಚುರುಕಾಗಿದೆ. ನಿನಗೆಂದು ಎರಡು ಬಾಟಲಿ ಪ್ಲಮ್ ಮುರಬ್ಬ ತೆಗೆದಿಟ್ಟಿದ್ದಾಳೆ.

ಸುದ್ದಿ ಏನೆಂದರೆ, ನನ್ನ ಬೇಟೆ ಕಠಾರಿಗಳನ್ನು ಊರಿನ ಮ್ಯೂಸಿಯಮ್ಮಿಗೆ ಕೊಟ್ಟುಬಿಡುತ್ತಿದ್ದೇನೆ. ಇದ್ದದ್ದು ಮೂವತ್ತೊಂದು, ಕೊಡುವುದು ಮೂವತ್ತು. "ಧೂಳು ಒರೆಸೋಳು ನಾನು, ಹೆಸರು ತಗೊಳ್ಳೋರು ನೀವು" ಎಂದು ಗೊಣಗುತ್ತಿದ್ದ ಇಲ್ಸೆಗೇ ಈಗ ಗೋಡೆ ಬೋಳಾಗುತ್ತದೆಂದು ಬೇಸರ.

ಪಟ್ಟಿ ಮಾಡಲು ನಮ್ಮ ಸಂಗ್ರಾಹಕರ ಕೂಟದ ಬುರ್ಕಾರ್ಟ್ ಮೊನ್ನೆ ಬಂದಿದ್ದ. ಸಾರಂಗದ ಕೊಂಬಿನ ಹಿಡಿ, ಹಿಡಿಯ ಬುಡದ ಹಿತ್ತಾಳೆಯ ಚಿಪ್ಪು, ಅಲಗಿನ ಮೇಲೆ ಕೊರೆದ, ನಾಯಿಗಳು ಅಟ್ಟಿಕೊಂಡು ಹೋಗುವ ಕಾಡುಹಂದಿ, ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡುತ್ತ ನಾಲ್ಕು ಲೋಟ ಕಾಫಿ ಕುಡಿದ. ಅಪ್ಪನ ಕಠಾರಿ ಕೈಗೆ ಬಂದದ್ದೇ ತಡ, ಶುರು ಮಾಡಿದ.

"ಅಯ್ಯೋ ಪಾಪಿ! ನೂರು ವರ್ಷದ ಕಪ್ಪನ್ನ ಹಿಂಗೆ ಉಜ್ಜಿ ಹಾಕಿದ್ದೀಯಲ್ಲೋ! ಹೋಟ್ಲಲ್ಲಿ ಪಾತ್ರೆ ತಿಕ್ಕೋಕೆ ಹೋಗ್ಬೇಕಿತ್ತು ನೀನು!"

ಕೂಟದಲ್ಲಿ ಇಪ್ಪತ್ತೈದು ವರ್ಷದಿಂದ ನನ್ನನ್ನು ‘ಪಾಲಿಶ್ ಒಟ್ಮಾರ್’ ಎಂದೇ ಕರೆಯುತ್ತಾರೆ. ಹಳೆಯ ಅಲಗಿಗೆ ಅದರ ಕಪ್ಪೇ ಬೆಲೆ; ಅದನ್ನು ಹೊಳೆಯುವಂತೆ ಉಜ್ಜುವುದು ನಮ್ಮಲ್ಲಿ ಮಹಾಪಾಪ, ಏನೂ ತಿಳಿಯದ ಹೊಸಬರು ಮಾತ್ರ ಮಾಡುವ ತಪ್ಪು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈ ಸಲ ನಗು ಬರಲಿಲ್ಲ.

ಇವತ್ತು ಬೇಟೆಗಾರರ ಸಂತ ಹ್ಯೂಬರ್ಟಸ್‌ನ ಹಬ್ಬ. ಬೆಳಿಗ್ಗೆ ಬೇಟೆಗಾರರ ಕೊಂಬಿನ ದನಿ ಕೇಳಿದಾಗ ನೀನೇ ನೆನಪಾದೆ. ಅಪ್ಪ ತನ್ನ ಕೈಕೆಳಗೆ ಕಲಿತವರ ಹೆಸರನ್ನು ಮೊದಲು ಅಲಗಿನ ಮೇಲೆ ಕೊರೆಯುತ್ತಿದ್ದರು. ಆಮೇಲೆ ಹಬ್ಬದ ದಿನ ಅದೇ ಅಲಗನ್ನು ಮೂರು ಸಲ ಅವರ ಹೆಗಲಿಗೆ ಮುಟ್ಟಿಸಿ ಬೇಟೆಗಾರರನ್ನಾಗಿ ಮಾಡುತ್ತಿದ್ದರು. "ಹೆಸರು ಮೊದ್ಲು, ಹೆಗಲು ಆಮೇಲೆ" ಎನ್ನುತ್ತಿದ್ದರಲ್ಲ. ನಾಲ್ಕು ಗಂಡು ಹುಡುಗರ ಹೆಸರಿತ್ತು. ರಕ್ತ ಕಂಡರೆ ತಲೆ ಸುತ್ತಿ ಬೀಳುವ ನನ್ನದು ಇರಲು ಸಾಧ್ಯವೇ ಇರಲಿಲ್ಲ. ಎಪ್ಪತ್ತನೆಯ ಇಸವಿಯ ಹಬ್ಬದಲ್ಲಿ, ಬೇಟೆಯ ಪರೀಕ್ಷೆ ಪಾಸು ಮಾಡಿ ಹಸಿರು ಕೋಟು ತೊಟ್ಟು ನೀನು ಮಂಡಿಯೂರಲು ಹೊರಟಾಗ ಅಪ್ಪ ಕಠಾರಿಯನ್ನು ಒರೆಗೆ ಸೇರಿಸಿ, "ಈ ವರ್ಷ ಬೇಡಮ್ಮ, ಜನ ನಗ್ತಾರೆ" ಎಂದುಬಿಟ್ಟರು.

ಫೆಬ್ರವರಿಯಲ್ಲಿ ಅವರು ಹೋದರು. ಮಣ್ಣು ಮಾಡಿ ಬಂದ ಸಂಜೆ ನಾನು ಕಠಾರಿ ನಿನ್ನ ಮುಂದೆ ಹಿಡಿದರೆ, "ಅದ್ರಲ್ಲಿ ನನ್ನ ಹೆಸ್ರಿಲ್ಲ, ನಂಗ್ಯಾಕೆ?" ಎಂದು ನೀನು ಮುಟ್ಟದೆ ಎದ್ದು ರೈಲು ಹಿಡಿಯಲು ಹೊರಟುಹೋದೆ. ಮರುವಾರ ನಿನ್ನ ಬಂದೂಕು ಮಾರಿ ಬ್ರೆಮೆನ್ನಿನ ಅಂಚೆ ಕಚೇರಿ ಸೇರಿದೆ, ಮತ್ತೆ ಕಾಡಿಗೆ ಕಾಲಿಡಲಿಲ್ಲ. ಈಸ್ಟರ್ ಕಾಗದದಲ್ಲೂ "ಅಪ್ಪ ಕೊನೆಗೂ ನನ್ನನ್ನು ಒಪ್ಪಲಿಲ್ಲ" ಎಂದು ಬರೆದಿದ್ದೀಯ. ಆ ಒಂದು ಸಾಲಿಗೆ ಉತ್ತರ ಬರೆಯಲು ನನಗೆ ಏಳು ತಿಂಗಳು ಬೇಕಾಯಿತು.

ಅಪ್ಪನ ಕಠಾರಿ ಮ್ಯೂಸಿಯಮ್ಮಿಗೆ ಹೋಗುವುದಿಲ್ಲ. ಗುರುವಾರ ಬುರ್ಕಾರ್ಟ್ ಬ್ರೆಮೆನ್ನಿಗೆ ಬರುತ್ತಾನೆ, ಮುರಬ್ಬದ ಜೊತೆ ಅದನ್ನೂ ತರುತ್ತಾನೆ. ಈ ಸಲ ಬೇಡವೆನ್ನಬೇಡ. ದೇವರು ನಿನ್ನನ್ನು ನೂರು ವರ್ಷ ಗಟ್ಟಿಯಾಗಿಡಲಿ.

ನಿನ್ನ ಅಣ್ಣ,
ಒಟ್ಮಾರ್

ತಾ.ಕ.: ಆ ಸಂಜೆ ನೀನು ಹೋದ ಮೇಲೆ ನಾನು ಕಠಾರಿಯನ್ನು ಒರೆಯಿಂದ ಎಳೆದೆ. ನಾಲ್ಕರ ಕೆಳಗೆ ಐದನೆಯ ಹೆಸರಿತ್ತು. ಹಾಸಿಗೆ ಹಿಡಿದವರ ನಡುಗುವ ಕೈಯ ಸೊಟ್ಟ ಅಕ್ಷರ: ರೋಸ್ವಿತಾ. ಬರುವ ನವೆಂಬರಿಗೆಂದು ಕೊರೆದಿಟ್ಟಿದ್ದರು. ಓಡಿ ಬಂದು ಹೇಳಬಹುದಿತ್ತು, ನೀನಿನ್ನೂ ರೈಲು ನಿಲ್ದಾಣವನ್ನೂ ತಲುಪಿರಲಿಲ್ಲ. ಐದು ಹೆಸರಿನಲ್ಲಿ ಒಂದೂ ನನ್ನದಲ್ಲ ಎಂದು ಹೊಟ್ಟೆ ಉರಿಯಿತು, ತಂಗಿ. ಮರಳು ಕಾಗದ ಹಿಡಿದು ಅದು ಅಳಿಯುವವರೆಗೂ ಉಜ್ಜಿದೆ. ಉಜ್ಜಿದ ಜಾಗ ಎದ್ದು ಕಾಣಬಾರದೆಂದು ಉಳಿದದ್ದನ್ನೂ ತಿಕ್ಕಿದೆ. ಆದರೂ ನಾಲ್ಕರ ಕೆಳಗೆ ಮೂರು ಬೆರಳಗಲ ಕನ್ನಡಿಯಂತೆ ಹೊಳೆಯುತ್ತದೆ. ಇಷ್ಟು ವರ್ಷ ಅಲ್ಲಿ ನನ್ನ ಮುಖ ಕಾಣುತ್ತಿತ್ತು. ಅದು ನಿನ್ನ ಜಾಗ.