ಸೀಳದೆ ಕೊಟ್ಟ ಹೃದಯ

ಅಪ್ಪಾ,

ನಾನು ಅರ್ಧಕ್ಕೆ ಬಿಟ್ಟ ಸ್ಕೂಲಿನ ಟೀಚರಮ್ಮ ಇವತ್ತು ನಮ್ಮ ಮಾಂಸದಂಗಡಿಗೆ ಬಂದು ಕುರಿಯ ಹೃದಯ ಕೇಳಿದರು. "ಸೀಳಬೇಡಪ್ಪ, ಇಡೀದೇ ಕೊಡು" ಅಂದಾಗ ಅನುಮಾನ ಬಂತು. ರಕ್ತ ಬಸಿದುಹೋಗಲೆಂದು ನಾವು ಯಾವಾಗಲೂ ಸೀಳಿಯೇ ಮಾರುವುದಲ್ಲವಾ.

"ಯಾಕಮ್ಮ, ನನ್ನ ಮಾಲಿನ ಮೇಲೆ ನಂಬಿಕೆ ಇಲ್ವಾ?"

"ಬಾರೋ ಅನುಮಾನದ ಗಿರಾಕಿ, ಮಕ್ಕಳಿಗೆ ತೋರಿಸೋದನ್ನ ನೀನೂ ನೋಡು." ಅಲ್ಲೇ ಹೃದಯದ ಮೇಲಿನ ಕೋಣೆಗೆ ನೀರು ಹೊಯ್ದು, ಕೆಳಗಿನ ಕೋಣೆ ತುಂಬಿದ ಮೇಲೆ ಹಿಂಡಿದರು. ಸೀಳುವಾಗ ನಾನು ದಿನಾ ಕೊಯ್ದುಹಾಕುವ ಒಳಗಿನ ತೆಳು ಪೊರೆ ಬಾಗಿಲಿನಂತೆ ಮುಚ್ಚಿಕೊಂಡಿತು. ನೀರು ಬಂದ ದಾರಿಗೆ ಮರಳದೆ ದಪ್ಪ ನಾಳದಿಂದ ಚಿಮ್ಮಿತು.

"ನಮ್ಮದೂ ಹೀಗೇ. ನಾಲ್ಕು ಕೋಣೆ, ನಾಲ್ಕು ಬಾಗಿಲು."

"ಬಾಗಿಲು ಸರಿಯಾಗಿ ಮುಚ್ಚದಿದ್ರೆ?"

"ರಕ್ತ ವಾಪಸ್ ನುಗ್ಗುತ್ತೆ. ಆಪರೇಷನ್ ಮಾಡಿ ಸರಿಮಾಡ್ತಾರೆ."

ನೀನು ತೀರಿಕೊಳ್ಳುವುದಕ್ಕೆ ಮೂರು ತಿಂಗಳು ಮುಂಚೆ ನಿನ್ನ ಹೃದಯದ ಬಗ್ಗೆ ಡಾಕ್ಟರೂ ಇದನ್ನೇ ಹೇಳಿದ್ದರು. "ಸಾವಿರ ಹೃದಯ ಸೀಳಿದ್ದೀನಿ, ಒಂದರಲ್ಲೂ ಬಾಗಿಲು ಕಂಡಿಲ್ಲ. ಬುರುಡೆ ಬಿಡ್ತಿದ್ದಾರೆ, ನಡಿಯಪ್ಪ" ಎಂದು ಎಬ್ಬಿಸಿಕೊಂಡು ಬಂದವನು ನಾನು. ಚಪ್ಪಲಿ ಮೆಟ್ಟುತ್ತಾ ನೀನು ಒಮ್ಮೆ ತಿರುಗಿ ಡಾಕ್ಟರನ್ನು ನೋಡಿದ್ದೆ.

ಟೀಚರಮ್ಮನನ್ನೂ ನಾನು ನಂಬಲಿಲ್ಲ. ಅವರು ಹೋದ ಮೇಲೆ, ಇನ್ನೂ ಸೀಳದಿದ್ದ ಆರು ಹೃದಯಗಳಿಗೂ ನೀರು ಹೊಯ್ದು ಹಿಂಡಿದೆ. ಒಂದಾದರೂ ಹಿಂದಕ್ಕೆ ಉಗುಳಲಿ ಎಂದು ಕಾದೆ. ಆರಕ್ಕೆ ಆರೂ ಮುಚ್ಚಿಕೊಂಡವು.

ಇವತ್ತು ಆ ಆರನ್ನೂ ಗಿರಾಕಿಗಳಿಗೆ ಸೀಳದೆಯೇ ಕಟ್ಟಿಕೊಟ್ಟೆ, ಅಪ್ಪಾ.